ಲ್ಯಾಪ್‌ಟಾಪಿನ ಏದುಸಿರು

ನನ್ನ ಹೆಂಡತಿ ಶ್ವೇತಾ ಮದುವೆಯಾದ ಹೊಸದರಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಗದಗ ಬಿಟ್ಟು ಬೆಂಗಳೂರಿನ ಬಿಟಿಎಂ ಲೇಔಟಿನ ಈ ಬಾಡಿಗೆ ಮನೆಗೆ ಬಂದ ಮೂರು ವರ್ಷಗಳಲ್ಲಿ ಅವಳಿಗೆ ಏನಾಯಿತೋ ತಿಳಿಯದು. ಏನು ಕೇಳಿದರೂ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಅಳೆದು ತೂಗಿ ನಾಲ್ಕೇ ಪದ ಹೇಳುತ್ತಿದ್ದಳು. ನಗುವುದನ್ನಂತೂ ಬಿಟ್ಟೇಬಿಟ್ಟಿದ್ದಳು. ನನ್ನ ಮೇಲೆ ಸಿಟ್ಟಿರಬೇಕು ಎಂದುಕೊಂಡೆ. (ಸಿಟ್ಟಿಗೆ ಕಾರಣಗಳಿರಲಿಲ್ಲ ಎಂದಲ್ಲ.)

ಮನೆಯಲ್ಲಿ ನಾನು ಹೊರಡಿಸಿದ ರಾಜಾಜ್ಞೆ ಒಂದೇ ಒಂದು: ನಮ್ಮೂರ ಕಡೆಯ ಮಾತು ಇಲ್ಲಿ ಬೇಡ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಆಫೀಸಿನವರು ನನ್ನ ಮಾತಿಗೆ ನಕ್ಕಿದ್ದರು. ಆ ಅವಮಾನ ಅವಳಿಗೂ ಆಗಬಾರದಲ್ಲ! ಕೆಳಗಿನ ಮನೆಯ ಓನರ್ ಮುನಿಲಕ್ಷ್ಮಮ್ಮನವರನ್ನೇ ಗುರುವೆಂದು ತಿಳಿದು ಅವರಂತೆ ಮಾತಾಡು ಎಂದಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಮಾತು ತಿದ್ದುವುದು ನನ್ನ ನಿತ್ಯಕರ್ಮವಾಗಿತ್ತು.

ಮೊನ್ನೆ ಭಾನುವಾರ ಇನ್ನೊಂದು ಸಾಹಸಕ್ಕೆ ಇಳಿದೆ. ನನ್ನ ಹಳೆಯ ವಿಡಿಯೋ ಗೇಮ್ ಡಬ್ಬ ಕೆಟ್ಟಿತ್ತು. ಅದರ ಕಾರ್ ರೇಸನ್ನು ಲ್ಯಾಪ್‌ಟಾಪಿನಲ್ಲೇ ಆಡೋಣವೆಂದು, ಆ ಡಬ್ಬದ ವೇಷ ಹಾಕುವ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಹಾಕಿದೆ. ಲ್ಯಾಪ್‌ಟಾಪಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಿತು. ಕಾರು ಮಾತ್ರ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದಂತೆ ತೆವಳಿತು.

ಅವರೆಕಾಳಿನ ಸಾರು ತಂದಿದ್ದ ಮುನಿಲಕ್ಷ್ಮಮ್ಮ ಇದನ್ನು ನೋಡಿದರು.

"ಅಲ್ಲಪ್ಪ ಗುರುಸಿದ್ದ, ಆ ಡಬ್ಬ ಇಪ್ಪತ್ತು ವರ್ಷದ್ದು ಅಂತೀಯ. ಅದು ಮಾಡ್ತಿದ್ದ ಕೆಲ್ಸ ಈ ಹೊಸ ಕಂಪ್ಯೂಟ್ರಿಗೆ ಆಗಲ್ವಾ?"

ಜ್ಞಾನ ಹಂಚುವ ಅವಕಾಶ ಸಿಕ್ಕರೆ ನಾನು ಬಿಡುವವನಲ್ಲ.

"ಆಂಟಿ, ಗೇಮ್ ಬರೆದಿರೋದು ಆ ಡಬ್ಬದ ಭಾಷೇಲಿ. ಅದಕ್ಕೆ ಅದು ಹುಟ್ಟಿನಿಂದ ಬಂದಿದ್ದು, ಯೋಚ್ನೆ ಮಾಡೋದೇ ಬೇಡ. ಇದು ಹಾಗಲ್ಲ. ಒಂದೊಂದು ಮಾತನ್ನೂ ಕೇಳಿ, ತನ್ನ ಭಾಷೆಗೆ ತಿರುಗಿಸ್ಕೊಂಡು, ಆಮೇಲೆ ಮಾಡ್ಬೇಕು. ಒಂದು ಕೆಲ್ಸಕ್ಕೆ ಹತ್ತು ಕೆಲ್ಸ! ಸಾಲದ್ದಕ್ಕೆ ಅದರೊಳಗೆ ಚಿತ್ರಕ್ಕೊಂದು, ಸದ್ದಿಗೊಂದು ಬೇರೆ ಬೇರೆ ಚಿಪ್ ಇದ್ವು. ಅಷ್ಟರ ವೇಷಾನೂ ತಾಳ ತಪ್ಪದಂಗೆ ಇದೇ ಹಾಕ್ಬೇಕು. ತಾನು ತಾನಾಗಿರೋದು ಸುಲಭ ಆಂಟಿ, ಇನ್ನೊಬ್ರಾಗೋಕೆ ಭಾರಿ ಶಕ್ತಿ ಬೇಕು. ಪಾಪ, ಇದನ್ನ ಬೈದು ಏನು ಪ್ರಯೋಜನ?"

ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿತು. ಶ್ವೇತಾ ಹೊರಗೆ ಬಂದಳು.

"ಮಷೀನಿನ ಮ್ಯಾಲೆ ಎಷ್ಟು ಕನಿಕರ ಐತ್ರಿ ನಿಮಗ!"

ರಾಜಾಜ್ಞೆ ಮುರಿದುಬಿತ್ತು.

"ಮೂರು ವರ್ಷದಿಂದ ನಾನೂ ಅದನ್ನ ಮಾಡಾಕತ್ತೀನಿ. ಮನಸಿನ್ಯಾಗ ನಮ್ಮ ಮಾತು ಬರತೈತಿ. ಅದನ್ನ ನಿಮ್ಮ ಬೆಂಗಳೂರಿಗೆ ತಿರುಗಿಸಿ, ತಪ್ಪೈತೇನಂತ ನೋಡಿ, ಆಮ್ಯಾಲೆ ಬಾಯಿ ತಗೀಬೇಕು. ಅಷ್ಟರಾಗ ನಗೋ ಮಾತು ಮುಗದು ಹೋಗಿರತೈತಿ. ಸಾಕಾಗೈತಿ ನನಗ!"

ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಗಂಡಸಲ್ಲವೇ, ಕೊನೆಯ ಆಸರೆಯೆಂದು, "ಆಂಟಿ ಏನಂದ್ಕೋತಾರೆ?" ಎಂದು ಗೊಣಗಿದೆ.

ಆಂಟಿ ಸಾರಿನ ಪಾತ್ರೆ ಕೆಳಗಿಟ್ಟು ಕುಸಿದು ಕೂತರು. ಅಳುತ್ತಾರೇನೋ ಎಂದುಕೊಂಡರೆ, ನಗುತ್ತಿದ್ದರು.

"ನಾನೇನಂದ್ಕೊಳ್ಲಪ್ಪ? ನಾವು ಮನೇಲಿ ಮಾತಾಡೋದು ತೆಲುಗು! ನೀವು ಧಾರವಾಡದ ಕಡೆಯೋರು, ಅಚ್ಚ ಕನ್ನಡ. ನಮ್ಮ ಬೆರಕೆ ಮಾತು ಕೇಳಿ ನಗ್ತೀರ ಅಂತ, ಮೆಟ್ಟಿಲು ಹತ್ತೋವಾಗಲೇ ಎಲ್ಲಾ ಜೋಡಿಸ್ಕೊಂಡು ಬರ್ತೀನಿ."

ಅಂದರೆ ಮೂರು ವರ್ಷ ನನ್ನ ಹೆಂಡತಿಯಿಂದ ನಾನು ಹಾಕಿಸಿದ್ದು ವೇಷದ ವೇಷ.

ಇಬ್ಬರೂ ನೆಲದ ಮೇಲೆ ಕೂತು, ಒಬ್ಬರು ಗದಗಿನಲ್ಲಿ, ಇನ್ನೊಬ್ಬರು ಅರ್ಧ ತೆಲುಗಿನಲ್ಲಿ, ಮುಕ್ಕಾಲು ಗಂಟೆ ಹರಟಿದರು. ಶ್ವೇತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವುದನ್ನು ಎಷ್ಟು ದಿನಕ್ಕೆ ನೋಡಿದೆ! ಆಂಟಿ ಹೋದ ಮೇಲೆ ಅವಳ ಪಕ್ಕ ಕೂತೆ.

"ಸಾರಿ ಕಣೇ, ತಪ್ಪಾಗೋಯ್ತು" ಎಂದೆ.

"ಇದನ್ನ ನಾ ಒಪ್ಪಂಗಿಲ್ಲ. ನಮ್ಮ ಮಾತಿನ್ಯಾಗ ಹೇಳ್ರಿ, ನಮ್ಮವ್ವನ ಮುಂದ ಹೇಳ್ತಿದ್ರಲ್ಲ, ಹಂಗ."

ಬಾಯಿ ತೆರೆದೆ. ಮತ್ತೆ 'ಕಣೇ' ಎಂದೇ ಬಂತು. ಇನ್ನೊಮ್ಮೆ ಹೇಳಿದೆ, ಮತ್ತೂ ಅದೇ. ಹುಟ್ಟಿನಿಂದ ಬಂದ ಮಾತನ್ನು ಒಳಗೆಲ್ಲ ತಡಕಾಡಿದೆ, ಕೈಗೆ ಸಿಗಲಿಲ್ಲ. ಇವತ್ತು ಬುಧವಾರ. ಕ್ಷಮೆ ಇನ್ನೂ ಮಂಜೂರಾಗಿಲ್ಲ.