ಡಯಟಿಷನ್ ಮಗಳ ಉಪವಾಸ

ವಿಜಯನಗರದ ನರ್ಸಿಂಗ್ ಹೋಮೊಂದರಲ್ಲಿ ಡಯಟಿಷನ್ ಆಗಿರುವ ರಮ್ಯಶ್ರೀ, ಮಗಳಿಗೆ ಆರು ತಿಂಗಳು ತುಂಬಿದ ದಿನವೇ ಮನೆಯಲ್ಲಿ ರಾಜಾಜ್ಞೆ ಹೊರಡಿಸಿದಳು.

"ಊರಿನ ಬಾಣಂತಿಯರಿಗೆಲ್ಲ ಹೇಳಿಕೊಡೋಳು ನಾನು. ಎದೆಹಾಲಿನ ಜೊತೆ ಇನ್ನೇನು ಕೊಡಬೇಕು ಅಂತ ನಂಗೊತ್ತು. ಬೇರೆ ಯಾರೂ ಮಗು ಬಾಯಿಗೆ ಒಂದು ತುತ್ತೂ ಇಡಬಾರದು."

ಅತ್ತೆ ಅಕ್ಕಯ್ಯಮ್ಮ, ಮಾವ ಬೈರಪ್ಪ, ಗಂಡ ಮೋಹನ್ ಕುಮಾರ್ ಮೂವರೂ ವಿಧೇಯ ಪ್ರಜೆಗಳಂತೆ ತಲೆಯಾಡಿಸಿದರು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಮಧ್ಯಾಹ್ನ ಅತ್ತಿಗುಪ್ಪೆಯ ಮನೆಗೆ ಓಡಿಬಂದು, ಹೆಸರುಬೇಳೆ ಅನ್ನ ನುಣ್ಣಗೆ ಕಿವುಚಿ ಮುಂದೆ ಹಿಡಿದರೆ ಮಗಳು ತುಟಿ ಬಿಗಿದಳು. ಕುಂಬಳಕಾಯಿಗೆ ಮುಖ ತಿರುಗಿಸಿದಳು. ಕ್ಯಾರೆಟ್ಟನ್ನು ಅಮ್ಮನ ಕನ್ನಡಕದ ಮೇಲೆ ಉಗಿದಳು. ರಮ್ಯಶ್ರೀ ಕಾಗೆ ಕರೆದಳು, ಗುಬ್ಬಿ ಕರೆದಳು, ಕೊನೆಗೆ ಬಾಲ್ಕನಿಯಲ್ಲಿ ನಿಂತು ಮೆಟ್ರೋವನ್ನೂ ಕರೆದಳು! ಮೆಟ್ರೋ ನೋಡಿ ನಕ್ಕ ಮಗು, ಚಮಚ ಬರುವಷ್ಟರಲ್ಲಿ ಬಾಯಿ ಮುಚ್ಚಿಕೊಂಡಿತು.

ವಿಚಿತ್ರವೆಂದರೆ, ಮಗು ಸೊರಗಲಿಲ್ಲ. ಕೆನ್ನೆ ದಿನದಿನಕ್ಕೂ ಬನ್ನಿನಂತೆ ಉಬ್ಬುತ್ತಿತ್ತು. ಉಪವಾಸವಿದ್ದು ದಪ್ಪಗಾಗುವುದು ಯಾವ ಸಿಲಬಸ್ಸಿನಲ್ಲಿದೆ? ಇದೇನು ಕಾಯಿಲೆಯೋ? ಓದಿದ್ದೆಲ್ಲ ತಲೆಕೆಳಗಾಗಿ ಅವಳಿಗೆ ನಿಜಕ್ಕೂ ಭಯವಾಯಿತು. ಯೋಚನೆಯಲ್ಲಿ ಅವಳ ಗಂಟಲಲ್ಲೇ ಅನ್ನ ಇಳಿಯಲಿಲ್ಲ.

ಕೊನೆಗೆ ಮನೆಮಂದಿಯೆಲ್ಲ ಮಕ್ಕಳ ಡಾಕ್ಟರ ಹತ್ತಿರ ಹೋದರು. ಅವರು ಮಗುವನ್ನು ತೂಗಿ, "ತೂಕ ಚೆನ್ನಾಗಿ ಬಂದಿದೆ. ಏನೇನು ಕೊಡ್ತಾ ಇದೀರಾ?" ಎಂದರು.

"ಏನೂ ತಿನ್ನಲ್ಲ ಮೇಡಂ," ಎಂದವಳೇ ರಮ್ಯಶ್ರೀ ಅತ್ತುಬಿಟ್ಟಳು.

ಸೊಸೆಯ ಕಣ್ಣೀರಿಗೆ ಅಕ್ಕಯ್ಯಮ್ಮನ ಕರುಳು ಚುರ್ರೆಂದಿತು. "ತಪ್ಪು ತಿಳ್ಕೋಬೇಡ ಕಣಮ್ಮ. ಕೂಸು ಹಸ್ಕೊಂಡೈತೆ ಅಂತ, ನೀನು ಬರೋಕ್ ಮುಂಚೆ ಒಂದಿಷ್ಟು ರಾಗಿ ಸರಿ ತಿನ್ನಿಸ್ತಿದ್ದೆ. ದೃಷ್ಟಿ ಆಗ್ಬಾರ್ದು ಅಂತ ಅಡುಗೆಮನೆ ಬಾಗಿಲು ಹಾಕ್ಕೊಂಡು."

"ನೀನೂನಾ?" ಬೈರಪ್ಪ ಬೆಚ್ಚಿದರು. "ನಾನು ಪಾರ್ಕಲ್ಲಿ ಬಾಳೆಹಣ್ಣು ಕಿವುಚಿ ಕೊಡ್ತಿದ್ನಲ್ಲೇ."

ಮೋಹನ್ ಕುಮಾರ್ ಫ್ಯಾನು ನೋಡತೊಡಗಿದ.

"ರೀ," ಎಂದಳು ರಮ್ಯಶ್ರೀ.

"ಇಡ್ಲಿ. ನೀನು ಸ್ನಾನಕ್ಕೆ ಹೋದಾಗ. ಸ್ವಲ್ಪಾನೇ ಕಣೇ."

ಸಿಟ್ಟಾಗಬೇಕೋ, ನೆಮ್ಮದಿಪಡಬೇಕೋ ಅವಳಿಗೆ ತಿಳಿಯಲಿಲ್ಲ. ಆ ಮನೆಯಲ್ಲಿ ಮಗುವಿಗೆ ಊಟ ಮಾಡಿಸಲು ಬಾರದೆ ಉಳಿದವಳು ಡಯಟಿಷನ್ ಒಬ್ಬಳೇ!

ಡಾಕ್ಟರು ರಮ್ಯಶ್ರೀಯ ಮೊಣಕೈವರೆಗೂ ಜಾರುತ್ತಿದ್ದ ಬಳೆಗಳನ್ನು ನೋಡಿ, ಉಳಿದ ಮೂವರ ಕಡೆ ತಿರುಗಿದರು.

"ಮಗೂಗೆ ಕೊಟ್ಟಿದ್ದು ಸಾಕು. ಇನ್ಮೇಲೆ ಇವರಿಗೆ ಕದ್ದು ತಿನ್ನಿಸಿ."