ಮಾಮನ ಟಾರ್ಚು ಮತ್ತು ನನ್ನ ಪತಂಗದ ಕಣಗಳು

ನಮ್ಮ ಮಾಮಾ ಯಾವುದೋ ಮಾತನ್ನು ಒಂದೇ ಸಲಕ್ಕೆ ನಂಬಿದರು ಎಂದು ಯಾರಾದರೂ ನಿಮಗೆ ಹೇಳಿದರೆ, ದಯವಿಟ್ಟು ನಂಬಬೇಡಿ! ಮಾಮಾ ಎಂದರೆ ಅವ್ವನ ತಮ್ಮ. ಭಾಲ್ಕಿಯಲ್ಲಿ ಕಿರಾಣಿ ಅಂಗಡಿ. ತೊಗರಿ ಬೇಳೆಯ ಚೀಲ ಬಂದರೆ ತಳದಿಂದ ಹಿಡಿ ತೆಗೆದು, ಅಗಿದು ನೋಡಿಯೇ ಒಳಗಿಡಿಸುವವರು. ಬಸ್ಸು ಹತ್ತಿದರೆ ಬೋರ್ಡು ಓದುತ್ತಾರೆ, ಕಂಡಕ್ಟರನ್ನು ಕೇಳುತ್ತಾರೆ, ಟಿಕೆಟು ತೆಗೆದ ಮೇಲೆ ಪಕ್ಕದವರನ್ನೂ ಕೇಳುತ್ತಾರೆ. ಬೀದರಿನಲ್ಲಿ ಇಳಿದು, "ಇದು ಬೀದರ ಹೌದಲ್ರಿ?" ಎಂದು ಚಹಾದವನನ್ನು ವಿಚಾರಿಸಿದ್ದನ್ನು ನಾನೇ ಕಂಡಿದ್ದೇನೆ!

ಇಂಥವರ ಕೈಗೆ ನನ್ನ ಓದು ಸಿಕ್ಕಿಬಿತ್ತು. ನಾನು ಬೀದರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಹುಡುಗಿ ಕತ್ತಲೆ ಕೋಣೆಯಲ್ಲಿ ಕೂತು ಮಾಡುವುದಾದರೂ ಏನು ಎಂದು ನಮ್ಮೂರು ಸಂತಪುರದ ನೆಂಟರೆಲ್ಲ ಅವ್ವನ ತಲೆ ತಿಂದಿದ್ದರು. ಕೊನೆಗೆ ಅವ್ವ, "ಮಾಮಾ ಬಂದು ನೋಡ್ತಾನ. ಅಂವ ಹೂಂ ಅಂದ್ರ ಅಲ್ಲೇ ಇರು, ಇಲ್ಲಾಂದ್ರ ಮನಿಗಿ ಬಾ" ಎಂದುಬಿಟ್ಟಳು. ತೀರ್ಪು ಹೇಳಲು ಇವರೇ ಆಗಬೇಕಿತ್ತೇ?

ಮಾಮಾ ಬಂದರು. ನಾನು ವಿವರಿಸಿದೆ: ಪತಂಗದ ಜೀವಕೋಶಗಳನ್ನು, ಅಂದರೆ ಕಣಗಳನ್ನು, ತಟ್ಟೆಯಲ್ಲಿ ಬೆಳೆಸುತ್ತೇವೆ. ಪ್ಲಾಸ್ಮಿಡ್ ಎಂಬ ಉಂಗುರದಂಥ ಡಿಎನ್‌ಎ ತುಣುಕನ್ನು ಆ ಕಣಗಳೊಳಗೆ ಸೇರಿಸುತ್ತೇವೆ. ಅದರ ಅಪ್ಪಣೆಯಂತೆ ಕಣ ಹೊಳೆಯುವ ಒಂದು ಪ್ರೋಟೀನು ತಯಾರಿಸುತ್ತದೆ. ನೀಲಿ ಬೆಳಕು ಬಿದ್ದರೆ ಆ ಪ್ರೋಟೀನು ಕಣದ ಅಂಚಿಗೆ ಓಡುತ್ತದೆ, ಕತ್ತಲಾದರೆ ಮರಳುತ್ತದೆ.

"ಬೆಳಕ ಬಿದ್ರ ನಮ್ಮ ಅಂಗಡ್ಯಾಗಿನ ಜಿರಳಿನೂ ಓಡ್ತದ. ಅದಕ್ಕ ಇಷ್ಟೆಲ್ಲಾ ಯಾಕ?"

"ಇದು ಜಿರಳಿ ಅಲ್ರಿ ಮಾಮಾ, ಪತಂಗ."

"ಪತಂಗ ಎಲ್ಲದ?"

"ಪತಂಗ ಇಲ್ರಿ, ಬರೇ ಕಣ."

"ಹುಳಾನೇ ಇಲ್ಲ!" ಮಾಮಾ ಕಳ್ಳನನ್ನು ಹಿಡಿದವರಂತೆ ನಕ್ಕರು.

ಕೋಣೆಯಲ್ಲಿ ಕೆಂಪು ದೀಪ ಮಾತ್ರ. ಅದಕ್ಕೆ ನಮ್ಮ ಪ್ರೋಟೀನು ಜಗ್ಗುವುದಿಲ್ಲ. ಕಣಗಳ ತಟ್ಟೆಗೆ ಬೆಳಕು ತಾಗದಂತೆ ಬೆಳ್ಳಿ ಬಣ್ಣದ ಹಾಳೆ ಸುತ್ತಿಟ್ಟಿದ್ದೆ. ನಾನು ಆಚೆ ತಿರುಗಿದ್ದೇ ತಡ, ಮಾಮಾ ಹಾಳೆ ಬಿಚ್ಚಿ ಮೊಬೈಲಿನ ಟಾರ್ಚು ಹಾಕಿಬಿಟ್ಟರು!

"ಮಾಮಾ! ಎಲ್ಲಾ ಕೆಡಿಸಿದ್ರಲ್ರಿ!"

"ಮಾಲ್ ಚೊಲೋ ಇದ್ರ ಬೆಳಕಿಗಿ ಯಾಕ ಅಂಜ್ತದ?"

ಟಾರ್ಚಿನ ಬಿಳಿ ಬೆಳಕಿನಲ್ಲಿ ನೀಲಿಯೂ ಇರುತ್ತದಲ್ಲ! ನನಗೆ ಅಳುವೇ ಬಂತು. ಸ್ವಲ್ಪ ಹೊತ್ತು ಕತ್ತಲಲ್ಲಿ ಬಿಟ್ಟರೆ ಸರಿಹೋಗಬಹುದು ಎಂದೆ. ಅಷ್ಟೇ ಸಾಕಾಯಿತು. ಮಾಮಾ ಹೊರಗೆ ಹೋಗಿ ಬಾಗಿಲಿಗೆ ಕುರ್ಚಿ ಅಡ್ಡ ಹಾಕಿ ಕೂತರು. ನಮ್ಮ ಗೈಡ್ ಮೇಡಂ ಬಂದರೆ, "ನೀವು ಯಾರ್ರಿ? ಒಳಗ ಕತ್ತಲಿ ನಡದದ!" ಎಂದು ತಡೆದರಂತೆ. ಪಾಪ, ಮೇಡಂ ತಮ್ಮದೇ ಪ್ರಯೋಗಾಲಯದ ಹೊರಗೆ ನಿಂತು ನನಗೆ ಫೋನು ಮಾಡಿದರು!

ಆಮೇಲೆ ಎಲ್ಲರೂ ಸೂಕ್ಷ್ಮದರ್ಶಕದ ಪರದೆಯ ಮುಂದೆ ನಿಂತೆವು. ನೀಲಿ ಬೆಳಕು ಹಾಕಿದೆ. ಕಣದ ತುಂಬ ಹರಡಿದ್ದ ಹೊಳಪು ಮೆಲ್ಲಗೆ ಅಂಚಿಗೆ ಸೇರಿತು.

"ಬಂದ್ ಮಾಡು," ಎಂದರು ಮಾಮಾ. ಕಾದೆವು, ಹೊಳಪು ಮರಳಿತು. "ಮತ್ತ ಹಚ್ಚು." ಮತ್ತೆ ಓಡಿತು. ಮಾಮಾ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ತಡೆಯಲಾರದೆ ಕೇಳಿದೆ. "ನನ್ನ ಮ್ಯಾಲ ಇಷ್ಟು ಸಂಶೆ ಯಾಕ್ರಿ ಮಾಮಾ?"

"ನಿನ್ನ ಮ್ಯಾಲ ಎಲ್ಲದವ್ವ? ಊರಾಗ ನಾಲ್ಕು ಮಂದಿ ನಾಲ್ಕು ಮಾತಾಡ್ತಾರ. ನಾ ನೋಡಲಾರದ ಅವರ ಬಾಯಿ ಹ್ಯಾಂಗ ಮುಚ್ಚಸ್ಲಿ?"

ಅಲ್ಲೇ ಅವ್ವನಿಗೆ ಫೋನು ಹಚ್ಚಿದರು. "ಅಕ್ಕಾ, ನಾ ಖುದ್ದ ನೋಡೀನಿ. ಖರೇ ಅದ. ಇನ್ನ ಆಕಿ ಬಗ್ಗಿ ಕೇಳೋರು ನನಗ ಬಂದು ಕೇಳ್ಲಿ."

ಮಾಮಾ ಫೋನು ಕಿಸೆಗಿಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟರು.

"ನೀ ಓದು. ಊರಿಗಿ ಜವಾಬ ನಾ ಕೊಡ್ತೀನಿ."