ತೇಲದ ಹಡಗಿನ ಆರು ಏಣಿಗಳು

ಮನುಷ್ಯನಿಗೆ ಒಂದು ಹವ್ಯಾಸ ಇರಬೇಕು ಎಂದು ಬುದ್ಧಿ ಹೇಳುವವರು, ಆ ಹವ್ಯಾಸದ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಏನು ಉತ್ತರ ಕೊಡಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ನನ್ನ ಹವ್ಯಾಸ ಮರದ ಹಾಯಿಹಡಗು ಕಟ್ಟುವುದು. ಗಾಬರಿಯಾಗಬೇಡಿ, ಒಂದೂವರೆ ಮೊಳ ಉದ್ದದ್ದು. ನಾನಿರುವುದು ಹೊಳೆನರಸೀಪುರದಲ್ಲಿ. ಇಲ್ಲಿಂದ ಸಮುದ್ರ ನೋಡಬೇಕೆಂದರೆ ಘಾಟಿ ಇಳಿಯಬೇಕು. ನಾನು ಇಳಿದದ್ದು ಎರಡೇ ಸಲ. ಎರಡು ಸಲವೂ ದಾರಿಯಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿ, ಸಮುದ್ರವನ್ನು ಅರ್ಧ ಕಣ್ಣು ಮುಚ್ಚಿಕೊಂಡೇ ನೋಡಿದೆ. ನೌಕರಿ ನಾಲೆಗಳ ಕಡತ ನೋಡಿಕೊಳ್ಳುವ ಗುಮಾಸ್ತಿಕೆ, ಅಂದರೆ ನೀರಿಗೂ ನನಗೂ ಇರುವ ನಂಟು ಕಾಗದದ ಮೇಲಿನದು. ಇಂಥವನು ಮೂರು ಕಂಬದ ಹಡಗು ಕಟ್ಟುತ್ತಾನೆ ಎಂದು ತಿಳಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ನಮ್ಮ ಕಚೇರಿಯ ಜವಾನ, ಹರದನಹಳ್ಳಿಯ ಪುಟ್ಟಸ್ವಾಮಿ, ನನ್ನ ಮೊಬೈಲಿನಲ್ಲಿ ಫೋಟೋ ನೋಡಿ ಕೇಳಿದ್ದೂ ಅದನ್ನೇ.

“ತೇಲ್ತದಾ ಸಾ?”

“ಇಲ್ಲ ಪುಟ್ಟಸ್ವಾಮಿ, ಇದು ನೋಡೋದಕ್ಕೆ.”

“ತೇಲಾಕಿಲ್ವಾ? ಮತ್ಯಾಕ್ ಸಾ ಇಷ್ಟ್ ಒದ್ದಾಡ್ತೀರಾ?”

ಈ ಪ್ರಶ್ನೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಗೋಡೆಯ ಮೇಲಿನ ಹುಲಿಯ ಚಿತ್ರ ನೋಡಿ ಯಾರೂ ಕಚ್ಚುತ್ತದಾ ಎಂದು ಕೇಳುವುದಿಲ್ಲವಲ್ಲ!

ಹಡಗು ಮನೆಗೆ ಬಂದದ್ದು ಕೊರಿಯರ್‌ನಲ್ಲಿ, ಒಂದು ಪೆಟ್ಟಿಗೆ ತುಂಬ ಕಡ್ಡಿಗಳಾಗಿ. “ಊದುಬತ್ತಿ ಕಡ್ಡಿ ನಮ್ಮೂರಲ್ಲೇ ಸಿಕ್ತಿರ್ಲಿಲ್ವಾ?” ಎಂದಳು ಹೆಂಡತಿ ಶಾರದೆ. ಹಲಗೆಗಳು ಹಡಗಿನ ಹೊಟ್ಟೆಯ ಆಕಾರಕ್ಕೆ ಬಗ್ಗಬೇಕಾದರೆ ಆವಿಯಲ್ಲಿ ಬೇಯಬೇಕು. ನಮ್ಮ ಮನೆಯಲ್ಲಿ ಆವಿ ಏಳುವುದು ಇಡ್ಲಿ ಪಾತ್ರೆಯಲ್ಲಿ ಮಾತ್ರ, ಆದ್ದರಿಂದ ಅದರಲ್ಲೇ ಬೇಯಿಸಿದೆ. ಮರುದಿನದ ಇಡ್ಲಿಗೆ ಬಡಗಿಯ ಅಂಗಡಿಯ ವಾಸನೆ ಬಂತು. ಶಾರದೆ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ ಹೊಸ ಇಡ್ಲಿ ಪಾತ್ರೆ ತಂದಳು, ಹಳೆಯದು ನನ್ನದಾಯಿತು. ನನ್ನ ಹಡಗು ನಿರ್ಮಾಣಕ್ಕೆ ಮನೆಯಿಂದ ಸಿಕ್ಕ ಪ್ರೋತ್ಸಾಹ ಇಷ್ಟೇ. ಆದರೆ ಎಂಟು ತಿಂಗಳಾದ ಮೇಲೆ ಒಡಲು, ಕಂಬ, ಹಾಯಿ ಎಲ್ಲ ಎದ್ದು ನಿಂತಾಗ, ಈ ಸಲ ದಸರಾ ಬೊಂಬೆಗಳ ಜೊತೆ ಹಡಗನ್ನೂ ಕೂರಿಸುತ್ತೇವೆಂದು ಬೀದಿಗೆಲ್ಲ ಸಾರಿದವಳೂ ಅವಳೇ. ನಾನಾದರೂ ಸುಮ್ಮನಿರಬೇಕಿತ್ತು. ಕಚೇರಿಯವರನ್ನೆಲ್ಲ ಆರತಿಗೆ ಕರೆದೆ. ಒಂದೊಂದು ಗಂಟೂ ನನ್ನ ಕೈಯಿಂದಲೇ ಹಾಕಿದ್ದು ಎಂದು ಕೊಚ್ಚಿಕೊಂಡೆ. ಕೊಚ್ಚಿಕೊಳ್ಳುವಾಗ ಗಂಟುಗಳನ್ನಿನ್ನೂ ಹಾಕಿರಲಿಲ್ಲ.

ಗಂಟು ಎಂದರೆ ಏಣಿಯ ಗಂಟು. ಹಾಯಿಹಡಗಿನ ಕಂಬ ಹತ್ತಲು ನಾವಿಕರಿಗೆ ಹಗ್ಗದ ಏಣಿ ಬೇಕು. ಮೂರು ಕಂಬ, ಎರಡು ಮಗ್ಗುಲು, ಒಟ್ಟು ಆರು ಏಣಿ. ನನ್ನ ಹಡಗಿನಲ್ಲಿ ನಾವಿಕರೂ ಇಲ್ಲ, ಹತ್ತುವವರೂ ಇಲ್ಲ, ಆದರೂ ಏಣಿ ಇರಲೇಬೇಕಂತೆ. ಹಡಗಿನ ಅಂಚಿನಿಂದ ಕಂಬದ ತುದಿಗೆ ಐದು ದಾರ ಎಳೆದು, ಅವಕ್ಕೆ ಅಡ್ಡಡ್ಡಲಾಗಿ ಮೆಟ್ಟಿಲಿನಂತೆ ದಾರ ಕಟ್ಟುತ್ತ ಹೋಗಬೇಕು. ಎರಡು ದಾರ ಕೂಡಿದಲ್ಲೆಲ್ಲ ಒಂದು ಗಂಟು. ಆ ಗಂಟನ್ನು ನಾನು ವಿಡಿಯೋ ನೋಡಿ ಕಲಿತೆ, ಮೇಜಿನ ಕಾಲಿನ ಮೇಲೂ ಪೈಜಾಮದ ಲಾಡಿಯ ಮೇಲೂ ಅಭ್ಯಾಸ ಮಾಡಿದೆ. ಲಾಡಿಯನ್ನು ಕೊನೆಗೆ ಕತ್ತರಿಸಬೇಕಾಯಿತು. ಮೊದಲ ಏಣಿಗೆ ಹದಿನೇಳು ದಿನ ಹಿಡಿಯಿತು. ದಸರೆಗೆ ಎರಡು ದಿನ ಉಳಿದಿತ್ತು, ಏಣಿ ಐದು ಉಳಿದಿದ್ದವು. ಮಾನ ಹೋಗುವುದು ಖಂಡಿತ ಎಂದು ನಿಜವಾಗಿಯೂ ಹೆದರಿದ್ದೆ.

ಆಗ ಮಲ್ಲಿಪಟ್ಟಣದಿಂದ ನಮ್ಮ ಅತ್ತೆ ಕೆಂಪಮ್ಮನವರು ಬಂದರು. ಬರುವಾಗ ಒಂದು ಚೀಲ ಕಾಕಡ ಹೂವನ್ನೂ ತಂದಿದ್ದರು. ಮಧ್ಯಾಹ್ನ ಟೀವಿ ಮುಂದೆ ಕಾಲು ಚಾಚಿ ಕೂತು ಹೂ ಕಟ್ಟತೊಡಗಿದರು. ಪಕ್ಕದಲ್ಲಿ ನಾನು ಭೂತಗನ್ನಡಿ, ಚಿಮಟ ಹಿಡಿದು ಬೆವರುತ್ತಿದ್ದೆ.

“ಅದೇನ್ ಅಳಿಯಂದ್ರೆ, ಮುಳ್ಳೇನಾರಾ ಕೀಳ್ತಿದೀರಾ?”

“ಇಲ್ಲ ಅತ್ತೆ, ಗಂಟು ಹಾಕ್ತಿದೀನಿ.”

ಅವರು ದಾರವನ್ನು ಬೆರಳಲ್ಲಿ ಸವರಿ ನೋಡಿದರು. “ಅಯ್ಯೋ, ಇದು ಹೂ ಕಟ್ಟೋ ಗಂಟೇ ಕಣ್ರಪ್ಪಾ! ಮೊದ್ಲು ಈ ದಾರದ ಮೇಲ್ತುದಿ ಬಿಚ್ಕೊಡಿ. ತುದಿ ಬಿಟ್ಕೊಂಡಿದ್ರೆ ತಾನೆ ಕುಣಿಕೆ ಒಳೀಕೋಗೋದು? ಹೂವಾ ಎರಡ್ ಕಡೆ ಗಿಡಕ್ಕೆ ಕಟ್ಟಾಕಿ ಯಾರಾದ್ರೂ ಹಾರ ಮಾಡ್ತಾರಾ?”

ಮೇಲ್ತುದಿ ಮೊದಲೇ ಕಟ್ಟಬೇಕೆಂದು ವಿಡಿಯೋದಲ್ಲಿ ಹೊರದೇಶದ ನಿಪುಣರೊಬ್ಬರು ಹೇಳಿದ್ದಾರೆ ಎಂದೆ. “ಅವ್ರ ಮನೇಲಿ ಹೂ ಕಟ್ಟಾಕಿಲ್ವೇನೋ, ಪಾಪ” ಎಂದರು.

ತುದಿ ಬಿಚ್ಚಿಕೊಟ್ಟೆ. ಅಡ್ಡದಾರವನ್ನು ಎರಡು ಬೆರಳಿಗೆ ತಿರುವಿ ಕುಣಿಕೆ ಮಾಡಿ, ಉದ್ದದ ದಾರದ ಬಿಚ್ಚಿದ ತುದಿಗೆ ತೊಡಿಸಿ, ಕೆಳಗೆ ಜಾರಿಸಿ ಬಿಗಿಯುತ್ತ ಹೋದರು. ಕಣ್ಣು ಪೂರ್ತಿ ಟೀವಿಯ ಮೇಲೆ. ಧಾರಾವಾಹಿಯ ಸೊಸೆ ಅಳುವುದು ಮುಗಿಯುವ ಹೊತ್ತಿಗೆ ಒಂದು ಏಣಿ ಮುಗಿಯಿತು. ಎರಡು ಮಧ್ಯಾಹ್ನದಲ್ಲಿ ಐದೂ ಏಣಿ ಕಟ್ಟಿ, ಮಿಕ್ಕ ದಾರವನ್ನು ಜೋಪಾನವಾಗಿ ಸುತ್ತಿಟ್ಟರು. ನನಗೆ ಮಾನ ಉಳಿಯಿತೆಂದು ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಯಾರಿಗೂ ಹೇಳಬೇಡಿ ಎನ್ನಲು ಬಾಯಿ ಬರಲಿಲ್ಲ. ಅವರಾಗಿ ಹೇಳದಿದ್ದರೆ ಸಾಕು ಎಂದು ದೇವರಿಗೆ ಕೈಮುಗಿದೆ.

ಆರತಿಯ ಸಂಜೆ ಹಡಗು ಶಾರದೆಯ ನೀಲಿ ಸೀರೆಯ ಮೇಲೆ ನಿಂತಿತ್ತು. ಪುಟ್ಟಸ್ವಾಮಿ ಹೆಂಡತಿಯೊಡನೆ ಬಂದಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಪಕ್ಕದ ಮನೆಯ ಜಯಮ್ಮ ಮಾತ್ರ ಹಾಯಿ ನೋಡಲಿಲ್ಲ, ಕಂಬ ನೋಡಲಿಲ್ಲ. ನೆಟ್ಟಗೆ ಏಣಿಗೆ ಬಗ್ಗಿದಳು.

“ಯಾರ್ ಸಾ ಕಟ್ಟಿದ್ದು ಇದ್ನ?”

ಕಚೇರಿಯವರೆಲ್ಲ ನನ್ನತ್ತಲೇ ನೋಡುತ್ತಿದ್ದರು. “ನಾನೇ” ಎಂದೆ.

“ನೀವಾ! ಒಂದ್ ಗಂಟೂ ಜಾರಿಲ್ವಲ್ಲ! ಎಲ್ಲಿ, ಇದೊಂದ್ ಗೇಣು ಕಟ್ಟಿ, ನೋಡುವಾ” ಎಂದು ತಟ್ಟೆಯಲ್ಲಿದ್ದ ಬಿಡಿ ಕಾಕಡವನ್ನು ಬೊಗಸೆ ತುಂಬ ತೆಗೆದು ನನ್ನ ಮುಂದೆ ಸುರಿದಳು.

ಕಟ್ಟಿದೆ. ನಾಲ್ಕು ಹೂ ನಿಂತವು. ಮೇಲೆತ್ತಿ ತೋರಿಸಿದೆ. ನಾಲ್ಕೂ ಕಡಲೆಕಾಳಿನ ಉಸಲಿಯೊಳಗೆ ಬಿದ್ದವು. ಯಾರೋ ಕಿಸಕ್ಕೆಂದರು. ಅಳಿಯನ ಮರ್ಯಾದೆ ಉಳಿಸಬೇಕೆಂದು ಅತ್ತೆಗೆ ಅನ್ನಿಸಿತೆಂದು ಕಾಣುತ್ತದೆ, ಎದ್ದು ಬಂದರು. “ನಗಬ್ಯಾಡಿ, ಈ ಮಗ್ಗುಲಲ್ಲಿ ಒಂದೇಣಿ ಅವ್ರೇ ಸ್ವಂತ ಕಟ್ಟವ್ರೆ” ಎಂದು ಹಡಗನ್ನು ತಿರುಗಿಸಿದರು. ಬೊಂಬೆ ಜೋಡಿಸುವಾಗ ಆ ಮಗ್ಗುಲನ್ನು ಗೋಡೆಯ ಕಡೆಗೆ ಮಾಡಿ ಇಟ್ಟವರೂ ಅವರೇ. ಜಯಮ್ಮ ಕಣ್ಣು ಕಿರಿದು ಮಾಡಿ ನೋಡಿ, ನಿಜವಾದ ಕನಿಕರದಿಂದ ಕೇಳಿದಳು: “ಇಲಿ ಏನಾದ್ರೂ ಕಡೀತಾ ಸಾ?”

ನೆಲ ಬಾಯಿಬಿಡಬಾರದೇ ಎನ್ನಿಸಿತು. ಕಚೇರಿಯವರಿಗೆ ಎಲ್ಲ ಅರ್ಥವಾಗಿತ್ತು. ನಾನು ಕೊಚ್ಚಿಕೊಂಡಿದ್ದ ಒಂದೊಂದು ಗಂಟಿನ ಮಾತು ಯಾರ ಬಾಯಿಂದಲಾದರೂ ಇನ್ನೇನು ಬರುವುದರಲ್ಲಿತ್ತು. ಅಷ್ಟರಲ್ಲಿ ಉಸಲಿ ತಿನ್ನುತ್ತಿದ್ದ ಪುಟ್ಟಸ್ವಾಮಿ ಬಾಯಿ ಒರೆಸಿಕೊಂಡ.

“ಅದಿರ್ಲಿ ಸಾ, ಈಗ್ಲಾರಾ ತೇಲ್ತದಾ?”

ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಒಡಲಿನ ತೂಕ, ಕಂಬದ ಎತ್ತರ, ಅಡಿಯಲ್ಲಿ ಸೀಸದ ಭಾರವಿಲ್ಲದಿದ್ದರೆ ಹಡಗು ಮಗುಚುವ ಬಗೆ, ಎಲ್ಲವನ್ನೂ ಜನ ಚಪ್ಪಲಿ ಮೆಟ್ಟಿ ಹೊರಡುವವರೆಗೆ ವಿವರಿಸಿದೆ. ಈಗ ಹಡಗು ನಡುಮನೆಯ ಗಾಜಿನ ಬೀರುವಿನಲ್ಲಿದೆ, ಅತ್ತೆ ಕಟ್ಟಿದ ಮಗ್ಗುಲು ಮುಂದಕ್ಕೆ. ಬಂದವರು ಬಗ್ಗಿ ಏಣಿ ನೋಡತೊಡಗಿದರೆ, ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಡುತ್ತೇನೆ: “ಇದು ತೇಲೋದಿಲ್ಲ ಕಣ್ರೀ. ಯಾಕೆ ಅಂತ ಕೇಳಿ.”